ಗೆರೆ ದಾಟಿದ ನನ್ನ ಕಾಲು

ಮೂರು ವರ್ಷದ ಹಿಂದಿನ ಮಾತು. ಗೌರಿ ಹಬ್ಬ ಮುಗಿದ ಮರುವಾರ ಗುಂಡ್ಲುಪೇಟೆಯಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯಾವಳಿ ಇತ್ತು. ನಮ್ಮ ಹರದನಹಳ್ಳಿ ತಂಡಕ್ಕೆ ನಾನೇ ಮ್ಯಾನೇಜರ್. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಕೋಚೂ ನಾನೇ, ನೀರಿನ ಕ್ಯಾನ್ ಹೊರುವವಳೂ ನಾನೇ.

ಅದಕ್ಕೆ ಮೊದಲು ನಾನು ಡಿಫೆಂಡರ್. ಚಾಮರಾಜನಗರದಲ್ಲಿ ಕಾಲೇಜು ಓದುವಾಗ ಜಿಲ್ಲಾ ತಂಡದಲ್ಲಿ ಆಡಿದ್ದೆ. ಗೋಲ್ ಹೊಡೆದವರ ಫೋಟೊ ಪೇಪರಿನಲ್ಲಿ ಬರುತ್ತಿತ್ತು, ತಡೆದವಳ ಫೋಟೊ ಯಾರು ಹಾಕುತ್ತಾರೆ? ಆದರೂ ನನ್ನನ್ನು ದಾಟಿ ಹೋಗುವುದು ಸುಲಭವಿರಲಿಲ್ಲ ಎಂದು ಇವತ್ತಿಗೂ ಜಂಬದಿಂದಲೇ ಹೇಳುತ್ತೇನೆ. ಒಂದು ಪಂದ್ಯದಲ್ಲಿ ಮಂಡಿ ತಿರುಚಿಕೊಂಡಿತು. "ನಡೆಯೋಕೆ ತೊಂದರೆಯಿಲ್ಲ, ಆಟ ಮಾತ್ರ ಮರೆತುಬಿಡಮ್ಮ" ಎಂದರು ಡಾಕ್ಟರು. ಊರಿಗೆ ಬಂದು ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿದೆ. ಆದರೆ ನಾನು ಮೊದಲೇ ಹಟಮಾರಿ. ಎರಡು ಹೊತ್ತಿನ ಹಾಲು ಅಳೆಯುವ ನಡುವೆ ಹುಡುಗಿಯರನ್ನು ಸೇರಿಸಿ ಶಾಲೆಯ ಬಯಲಿನಲ್ಲಿ ಕಲಿಸತೊಡಗಿದೆ.

ಹೆತ್ತವರನ್ನು ಒಪ್ಪಿಸುವುದೇ ದೊಡ್ಡ ಪಂದ್ಯವಾಯಿತು. ಕೊನೆಗೆ ನಮ್ಮ ಕ್ಯಾಪ್ಟನ್ ಸೌಮ್ಯಳ ಅಪ್ಪ ಸಿದ್ದರಾಜಣ್ಣ ಎಲ್ಲರ ಪರವಾಗಿ ತೀರ್ಪು ಕೊಟ್ಟರು. "ನೋಡಮ್ಮಿ ಲತಾ, ಗುಂಡ್ಲುಪ್ಯಾಟೆಗೆ ನಾವೂ ಬತ್ತೀವಿ. ಒಂದು ಮ್ಯಾಚು ನೋಡ್ತೀವಿ. ಸರಿ ಕಂಡ್ರೆ ಐಕ್ಳು ಆಡ್ಲಿ. ನಗೆಪಾಟ್ಲಾದ್ರೆ ಅವತ್ತಿಗೇ ಕೊನೆ."

"ಆಗಲಿ ಅಣ್ಣ" ಎಂದುಬಿಟ್ಟೆ.

ಗುಂಡ್ಲುಪೇಟೆಯ ಆ ಪಂದ್ಯ ಡ್ರಾ ಆದರೂ ನಮಗೆ ಸಾಕಿತ್ತು, ಮುಂದಿನ ಸುತ್ತಿಗೆ ಹೋಗುತ್ತಿದ್ದೆವು. ಮೊದಲರ್ಧದಲ್ಲೇ ನಾವು ಒಂದು ಗೋಲ್ ಹೊಡೆದೆವು. ಸೌಮ್ಯ ಆಡುತ್ತಿದ್ದದ್ದು ನಾನು ಆಡುತ್ತಿದ್ದ ಜಾಗದಲ್ಲೇ. ಕಾಲು ಚುರುಕು, ಬಾಯಿ ಮಾತ್ರ ಇಲ್ಲ. ಹಿಂದೆ ನಿಂತವಳಿಗೆ ಇಡೀ ಮೈದಾನ ಕಾಣುತ್ತದೆ, ಅವಳೇ ಕೂಗಿ ಎಲ್ಲರನ್ನೂ ಎಚ್ಚರಿಸಬೇಕು. ಅವಳು ಕೂಗದಿದ್ದರೆ ಸುಮ್ಮನಿರಲು ನನ್ನಿಂದ ಆಗುತ್ತದೆಯೇ? ಗೆರೆಯ ಹೊರಗಿಂದ ಅವಳ ಪಾಲಿನದನ್ನೂ ನಾನೇ ಕೂಗುತ್ತಿದ್ದೆ. ಕೂಗುತ್ತಾ ಕೂಗುತ್ತಾ ನಮ್ಮ ಗೋಲ್ ಕಂಬದ ಪಕ್ಕಕ್ಕೇ ಬಂದುಬಿಟ್ಟಿದ್ದೆ.

ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತಿತ್ತು. ಎದುರಾಳಿ ತಂಡದ ಒಬ್ಬ ಉದ್ದನೆಯ ಹುಡುಗಿ ನಮ್ಮ ಗೋಲ್‌ಕೀಪರನ್ನೂ ದಾಟಿ ಚೆಂಡು ತಳ್ಳಿದಳು. ಖಾಲಿ ಗೋಲಿನ ಕಡೆಗೆ ಅದು ನಿಧಾನವಾಗಿ ಉರುಳಿ ಬರುತ್ತಿತ್ತು. ಆಮೇಲೆ ಏನಾಯಿತೋ ನನಗೇ ಗೊತ್ತಿಲ್ಲ. ಗೆರೆ ದಾಟಿ, ಚೂಡಿದಾರದಲ್ಲೇ ಕಾಲು ಚಾಚಿ, ಚೆಂಡನ್ನು ಒದ್ದು ಆಚೆ ಕಳಿಸಿದ್ದೆ!

 ಮೈದಾನದ ಸುತ್ತ ನಗು ಶುರುವಾಯಿತು ನೋಡಿ, ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ರೆಫರಿ ಕೆಂಪು ಕಾರ್ಡು ತೋರಿಸಿ ಗೇಟಿನ ಕಡೆ ಕೈ ಮಾಡಿದರು. ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ನಾನು ಗೇಟು ದಾಟುವಷ್ಟರಲ್ಲಿ ಅವರು ಗೋಲ್ ಹೊಡೆದ ಕೇಕೆ ಕೇಳಿಸಿತು. ಒಂದಕ್ಕೆ ಒಂದು.

ಕಾಂಪೌಂಡಿನ ಹೊರಗೆ ನಿಂತು ಅತ್ತೆ. ನಗೆಪಾಟಲಾದರೆ ಕೊನೆ ಎಂದಿದ್ದರು; ನಗೆಪಾಟಲು ಮಾಡಿದವಳು ನಾನೇ. ಅಷ್ಟರಲ್ಲಿ ಸಿದ್ದರಾಜಣ್ಣ ಹೊರಗೆ ಬಂದರು. ಬೈಯುತ್ತಾರೆ ಎಂದುಕೊಂಡೆ.

"ಅಳ್ಬ್ಯಾಡ ಬುಡಮ್ಮಿ" ಎಂದರು. "ಸೌಮ್ಯಂಗೆ ಸ್ಕೂಟ್ರು ಕಲಿಸ್ವಾಗ ನಾನೂ ಹಿಂದೆ ಕೂತ್ಕಂಡು ಕಾಲಲ್ಲಿ ಬ್ರೇಕ್ ಹುಡುಕ್ತಿದ್ದೆ. ಹಿಂದೆ ಕೂತೋನ್ ಕಾಲ್ಗೆ ಬ್ರೇಕ್ ಸಿಕ್ಕಾದಾ?"

ಉತ್ತರ ಕೊಡುವ ಮೊದಲೇ ಒಳಗಿಂದ ಒಂದು ಕೂಗು ಕೇಳಿಸಿತು. "ಏ ಪವಿತ್ರಾ, ಎಡಕ್ಕೆ ಬಾರಮ್ಮಿ! ಯಾರೂ ಜಾಗ ಬುಡ್ಬ್ಯಾಡಿ! ಇನ್ನೊಂದ್ ಗೋಲ್ ಓಗ್‌ಕೂಡ್ದು!"

ಸಿದ್ದರಾಜಣ್ಣ ನನ್ನ ಮುಖ ನೋಡಿದರು. "ನಮ್ ಸೌಮ್ಯನಾ ಅದು? ಮನೇಲಿ ಕರುದ್ರೆ ಓ ಅನ್ನಲ್ವಲ್ಲಾ!" ಎಂದವರೇ ಪಂಚೆ ಎತ್ತಿ ಕಟ್ಟಿ ಒಳಗೆ ಓಡಿದರು.

ಗೋಡೆಯ ಪಕ್ಕ ದೊಡ್ಡ ಕಲ್ಲೊಂದಿತ್ತು. ಹತ್ತಿದ್ದರೆ ಮೈದಾನ ಕಾಣುತ್ತಿತ್ತು. ಹತ್ತಬಾರದು ಎಂದು ಹಲ್ಲು ಕಚ್ಚಿ ನಿಂತೆ. ನಾನು ಬಾಯಿ ಮುಚ್ಚಿದ ಮೇಲೆ ತಾನೇ ಅವಳ ಬಾಯಿ ತೆರೆದದ್ದು? ಅವಳ ಒಂದೊಂದು ಕೂಗಿಗೂ ಚೆಂಡು ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಕೊನೆಯ ಸೀಟಿ ಕೇಳಿತು. ಮತ್ತೆ ಗೋಲ್ ಆಗಿರಲಿಲ್ಲ. ಹುಡುಗಿಯರು ಓಡಿ ಬಂದು ತಬ್ಬಿಕೊಂಡರು. "ಅಕ್ಕಾ, ಬುಡ್ನಿಲ್ಲ ಕಣಕ್ಕಾ" ಎಂದಳು ಸೌಮ್ಯ. ಕೂಗಿ ಕೂಗಿ ಅವಳ ದನಿ ಪೂರ್ತಿ ಒಡೆದುಹೋಗಿತ್ತು.

ಊರಿಗೆ ಮರಳುವ ಬಸ್ಸಿನಲ್ಲಿ ಸಿದ್ದರಾಜಣ್ಣ, "ಮುಂದಿನ್ ಮ್ಯಾಚಿಗೂ ಬತ್ತೀವಿ ಕಣಮ್ಮಿ. ನೀನ್ ಮಾತ್ರ ಒಳಕ್ ಬರ್ಬ್ಯಾಡ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಈ ಸಲ ನಾನೂ ನಕ್ಕೆ.

ಈಗ ಪಂದ್ಯದ ದಿನ ಗೆರೆಯಿಂದ ದೂರ ಕುರ್ಚಿ ಹಾಕಿಸಿಕೊಂಡು ಕೂರುತ್ತೇನೆ. ಚೆಂಡು ನಮ್ಮ ಗೋಲಿನ ಕಡೆ ಹೊರಟಾಗ ಈ ಕಾಲು ಇವತ್ತಿಗೂ ಒಂದು ಗೇಣು ಮುಂದೆ ಹೋಗುತ್ತದೆ. ಅದನ್ನು ಹಿಂದಕ್ಕೆ ಎಳೆದುಕೊಂಡು ಕೂರುವುದೇ ಈಗ ನನ್ನ ಆಟ.