ಕಾಕನ ಲಿವರಿನ ಚಿತ್ರ

ಕಳೆದ ವಾರ ಎಂಆರ್‌ಐ ಕೋಣೆಗೆ ಬಂದ ಹಿರಿಯರೊಬ್ಬರು ಇಯರ್‌ಪ್ಲಗ್ ಹಾಕಿಕೊಳ್ಳಲೆಂದು ಕಿವಿಯಲ್ಲಿದ್ದ ಹತ್ತಿ ತೆಗೆದರು. ಅತ್ತರಿನ ಘಮ ಹರಡಿತು. ಹೀಗೆಯೇ ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಳ್ಳುತ್ತಿದ್ದ ಶಕ್ತಿನಗರದ ನಮ್ಮ ಅಂಗಡಿ ಕಾಕ ನೆನಪಾದರು…

ನಮ್ಮ ಮನೆಯ ಎದುರಿಗೇ ಅವರ ದಿನಸಿ ಅಂಗಡಿ. ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಗಳಿಗೆ ಬೇಕಾದ ಎಳ್ಳು, ಬೆಲ್ಲವನ್ನು ಅಮ್ಮ ಬೇರೆಲ್ಲೂ ಕೊಳ್ಳುತ್ತಿರಲಿಲ್ಲ. ಎಳ್ಳಿನಲ್ಲಿ ಕಲ್ಲಿದ್ದರೆ ಕಾಕ ತಾವಾಗಿಯೇ ಹೇಳಿಬಿಡುತ್ತಿದ್ದರು.

ನಾನು ಎಂಆರ್‌ಐ ಟೆಕ್ನಿಷಿಯನ್ ಆಗಿ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಆಗ ಕಾಕನ ಹೊಟ್ಟೆ ಊದತೊಡಗಿತು, ಕಣ್ಣು ಹಳದಿಯಾಯಿತು. ಲಿವರ್ ಹಾಳಾಗಿದೆ ಎಂಬ ಸುದ್ದಿಯ ಬೆನ್ನಿಗೇ ಕದ್ದು ಕುಡಿಯುತ್ತಾರೆ ಎಂಬ ಮಾತೂ ಹಬ್ಬಿತು. ಐದು ಹೊತ್ತು ನಮಾಜು ಮಾಡುವ ಮನುಷ್ಯ! ಮೊದಲು ನೋಡಿದ ಡಾಕ್ಟರೂ ಕುಡಿತ ಬಿಡಿ ಎಂದರಂತೆ.

ನಮ್ಮ ಆಸ್ಪತ್ರೆಗೆ ಸ್ಕ್ಯಾನಿಂಗಿಗೆ ಬಂದ ದಿನ ಅವರು ಮೆಲ್ಲಗೆ ಹೇಳಿದರು: "ಊರಿನವರು ಎಂತ ಬೇಕಾದ್ರೂ ಹೇಳ್ಲಿ ಮಗಾ. ಮನೆಗೆ ಹೋದ ಕೂಡ್ಲೇ ಹೆಂಡ್ತಿಯೂ ಬಾಯಿ ಮೂಸಿ ನೋಡ್ತಾಳೆ. ನಿನ್ನ ಮೆಷಿನಲ್ಲಿ ಸತ್ಯ ಗೊತ್ತಾಗ್ತದಾ?"

"ಲಿವರಲ್ಲಿ ರಕ್ತ ಹೇಗೆ ಹರೀತದೆ, ಎಲ್ಲಾದ್ರೂ ನಿಂತಿದೆಯಾ ಅಂತ ಖಂಡಿತ ಗೊತ್ತಾಗ್ತದೆ ಕಾಕ. ನೀವು ಅಲುಗಾಡ್ಬೇಡಿ," ಎಂದೆ.

ಆಗಷ್ಟೇ ನಮ್ಮಲ್ಲಿ ಹೊಸ ಬಗೆಯ ಸ್ಕ್ಯಾನ್ ಶುರುವಾಗಿತ್ತು. ನಾಳದ ಆಕಾರ ಮಾತ್ರವಲ್ಲ, ಅದರೊಳಗೆ ರಕ್ತ ಯಾವ ಕಡೆಗೆ, ಎಷ್ಟು ವೇಗವಾಗಿ ಹರಿಯುತ್ತಿದೆ ಎಂಬುದನ್ನೂ ಅದು ಬಣ್ಣಗಳಲ್ಲಿ ತೋರಿಸುತ್ತದೆ. ಕಾಕನ ಲಿವರಿನಿಂದ ಹೃದಯದ ಕಡೆಗೆ ಹೋಗುವ ನಾಳಗಳಲ್ಲಿ ಹರಿವೇ ಕಾಣಲಿಲ್ಲ. ಕರುಳಿನಿಂದ ಲಿವರಿಗೆ ಬರಬೇಕಾದ ರಕ್ತ ಹಿಂದಕ್ಕೆ ತಿರುಗಿತ್ತು. ರೋಗ ಹೇಳುವುದು ನನ್ನ ಕೆಲಸವಲ್ಲ, ಡಾಕ್ಟರನ್ನು ಕರೆದೆ. ಕಾಕ ಕೇಳಿದ್ದನ್ನೂ ತಿಳಿಸಿದೆ.

ಡಾಕ್ಟರ್ ಕಾಕನ ಒಪ್ಪಿಗೆ ಪಡೆದು ಅವರ ಹೆಂಡತಿಯನ್ನು ಪರದೆಯ ಮುಂದೆ ಕೂರಿಸಿದರು. "ನೋಡಿ ಅಮ್ಮ, ರಕ್ತ ಹೆಪ್ಪುಗಟ್ಟಿ ಈ ದಾರಿ ಮುಚ್ಚಿದೆ. ಇದು ಕುಡಿದು ಬರುವ ಕಾಯಿಲೆ ಅಲ್ಲ."

ಆಕೆ ಪರದೆಯನ್ನೇ ನೋಡುತ್ತ ಕೂತರು.

ಮುಚ್ಚಿದ ನಾಳಕ್ಕೆ ಸ್ಟೆಂಟ್ ಹಾಕಿದರು. ಹೊಟ್ಟೆ ಇಳಿಯಿತು, ಎರಡು ತಿಂಗಳಲ್ಲಿ ಅಂಗಡಿ ಬಾಗಿಲು ತೆರೆಯಿತು. ಆಮೇಲಿನ ಆರು ವರ್ಷ ಗಂಡ ಹೆಂಡತಿ ಜೊತೆಯಾಗಿಯೇ ಚೆಕಪ್ಪಿಗೆ ಬರುತ್ತಿದ್ದರು. ಲಿವರಿಗೆ ಬರುವ ರಕ್ತ ಪ್ರತಿ ಸಲವೂ ಸರಿಯಾದ ಕಡೆಗೇ ಹರಿಯುತ್ತಿತ್ತು.

ಹೋದ ವರ್ಷ ಕಾಕ ಹೃದಯಾಘಾತದಿಂದ ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಸಂಶಯ ಮಾಡಿದ್ದಕ್ಕೆ ನಾನು ಒಂದು ದಿನವೂ ಕ್ಷಮೆ ಕೇಳ್ಲಿಲ್ಲ ಮಗಾ. ಮನಸ್ಸಲ್ಲಿ ಸಿಟ್ಟು ಇಟ್ಕೊಂಡೇ ಹೋದ್ರೋ ಏನೋ…"

"ಚೆಕಪ್ಪಿನ ಸ್ಕ್ಯಾನಿಂಗಿಗೆ ಪ್ರತಿ ಸಲ ಕಾಕ ಖಾಲಿ ಹೊಟ್ಟೆಯಲ್ಲಿ ಬರ್ಬೇಕಿತ್ತಲ್ಲ, ನೀವೂ ಏನೂ ತಿನ್ತಿರ್ಲಿಲ್ಲ," ಎಂದೆ. "ಒಳಗೆ ಬಂದ ಕೂಡ್ಲೇ ಅವರು ಹೇಳ್ತಿದ್ದದ್ದು ಒಂದೇ: ‘ಅವಳು ಹಸಿದು ಕೂತಿದ್ದಾಳೆ, ಮೊದಲು ಅವಳಿಗೊಂದು ಚಾ ತರ್ಸಿ ಕೊಡು.’"

ಆಕೆ ನನ್ನ ಮುಖವನ್ನೇ ನೋಡಿದರು. "ಆ ಚಾ… ಅದು ಆಸ್ಪತ್ರೆಯವರು ಕೊಡುವುದು ಅಂತ ಗ್ರಹಿಸಿದ್ದೆ."

ಈಗ ಅಂಗಡಿಯನ್ನು ಅವರೇ ನೋಡಿಕೊಳ್ಳುತ್ತಾರೆ. ಮೊನ್ನೆ ಡ್ಯೂಟಿ ಮುಗಿಸಿ ಬರುವಾಗ ಸಕ್ಕರೆಗೆಂದು ಹೋಗಿದ್ದೆ. ಕಾಕ ಕೂರುತ್ತಿದ್ದ ಸ್ಟೂಲು ತಕ್ಕಡಿಯ ಹಿಂದೆ ಹಾಗೆಯೇ ಇತ್ತು. ಆಕೆ ಪಕ್ಕದಲ್ಲಿ ಬೇರೊಂದು ಕುರ್ಚಿ ಹಾಕಿಕೊಂಡು ಕೂತಿದ್ದರು.