ಅಪ್ಪನ ಗೇಣಿನಷ್ಟು ಕಿಂಡಿ

ಹದಿನಾಲ್ಕು ವರ್ಷದ ಹಿಂದೆ, ನಜರ್‌ಬಾದಿನ ಒಂದು ಪುಟ್ಟ ಮನೆಯಲ್ಲಿ, ಕ್ರಿಸ್ಮಸ್ಸಿನ ಕಜ್ಜಾಯದ ತಟ್ಟೆ ಮುಂದಿಟ್ಟುಕೊಂಡು ದಿಲೀಪ್ ಒಂದು ಮಾತು ಕೊಟ್ಟರು. ಬೋಗಾದಿಯಲ್ಲಿ ಆಗಷ್ಟೇ ಡ್ರಾಯಿಂಗ್ ಆಫೀಸು ತೆರೆದಿದ್ದವರು. ಮನೆಯ ಹಿರಿಯ ಸವರಿಯಪ್ಪನವರ ಬಲಗೈ ಹಿಡಿದು, "ಯಜಮಾನ್ರೇ, ನಿಮ್ಮ ಮಗಳ ಹೆಸರು ಪುಸ್ತಕದಲ್ಲಿ ಅಚ್ಚಾಗತ್ತೆ. ಅದು ನನ್ನ ಜವಾಬ್ದಾರಿ" ಎಂದರು.

ಆ ಮಗಳು ಸೆಲಿನಾ. ಈಗ ನಲವತ್ತೇಳು. ಬೆಳಗಿನ ಐದೂಕಾಲಕ್ಕೆ, ಚರ್ಚಿನ ಮೊದಲ ಪೂಜೆಯ ಗಂಟೆಗೂ ಮುಂಚೆ, ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂತಿದ್ದಾರೆ. ಹಾಳೆಯಲ್ಲಿ ಆರು ಚಕ್ರದ ಒಂದು ಲಾರಿ. ಅದು ಓಡಬೇಕಾದದ್ದು ಗಾಳಿಯೇ ಇಲ್ಲದ, ಹೆಪ್ಪುಗಟ್ಟಿದ ಒಂದು ಚಂದ್ರನ ಮೇಲೆ. ಹೊಟ್ಟೆಯೊಳಗೆ ಫ್ಯೂಷನ್ ಕುಲುಮೆ. ಸೂರ್ಯನಲ್ಲಿ ಆಗುವ ಹಾಗೆ ಹಗುರ ಪರಮಾಣುಗಳು ಬೆಸೆದು ಶಾಖ, ಶಾಖದಿಂದ ಕರೆಂಟು, ಕರೆಂಟಿನಿಂದ ಚಕ್ರಕ್ಕೊಂದರಂತೆ ಆರು ಮೋಟಾರು. ಮೇಜಿನ ಆ ತುದಿಯಲ್ಲಿ ಸವರಿಯಪ್ಪನವರು ಕಾಫಿ ಲೋಟ ಹಿಡಿದು ಕೂತಿದ್ದಾರೆ. ಎಪ್ಪತ್ತೊಂಬತ್ತು ವಯಸ್ಸು, ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್.

"ಬಿಸಿ ಎಲ್ಲೋಗತ್ತವ್ವ?" ಎನ್ನುತ್ತಾರೆ ಅವರು.

"ಮೇಲೆ ರೆಕ್ಕೆ ಥರ ತಗಡು ಹಾಕಿದೀನಪ್ಪ. ಅಲ್ಲಿಂದ ಹೊರಗೆ."

"ಫ್ಯಾನ್ ಇಲ್ವಾ?"

"ಗಾಳಿ ಇಲ್ದಿರೋ ಊರಲ್ಲಿ ಫ್ಯಾನ್ ತಿರುಗಿ ಏನ್ ಮಾಡತ್ತೆ? ಕಾಫಿ ಕುಡೀರಿ, ಆರೋಗತ್ತೆ."

ಇಂಥ ವಾಹನ ಜಗತ್ತಿನಲ್ಲಿ ಎಲ್ಲೂ ಇಲ್ಲ. ಇರುವುದು ಒಂದು ಆಟದಲ್ಲಿ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಕಟ್ಟುವ ಆಟ. ಮುನ್ನೂರು ವರ್ಷ ಮುಂದಿನ ಕಾಲದ ಕಥೆ. ಅದರ ನಿಯಮಗಳ ದಪ್ಪ ಪುಸ್ತಕಗಳನ್ನು ಹೊರದೇಶದ ಒಂದು ಕಂಪನಿ ಅಚ್ಚು ಹಾಕುತ್ತದೆ. ಅದರೊಳಗಿನ ವಾಹನಗಳು ಬೋಗಾದಿಯ ದಿಲೀಪರ ಆಫೀಸಿನಿಂದ ಹೋಗುತ್ತವೆ. ಆಫೀಸಿನಲ್ಲಿ ಅವನ್ನು ಮಾಡುವವರು ಒಬ್ಬರೇ.

ಸೆಲಿನಾ ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಮೊದಲು ಬಸ್ಸಿನ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ನಕ್ಷೆ ಬರೆಯುತ್ತಿದ್ದರು. ಅದು ಬಾಗಿಲು ಹಾಕಿತು. ಫ್ಯೂಷನ್ ಎಂದರೇನೆಂದು ಕಲಿತದ್ದು ಆಮೇಲೆ, ಲೈಬ್ರರಿಯ ಪುಸ್ತಕಗಳಿಂದ, ಅರ್ಥವಾಗದ್ದನ್ನು ಮೂರು ಮೂರು ಸಲ ಓದಿ. ಒಂದು ವಾಹನಕ್ಕೆ ಆರು ಹಾಳೆ, ಹನ್ನೊಂದು ದಿನ. ಕುಲುಮೆಯ ತೂಕ, ಇಂಧನದ ಟ್ಯಾಂಕು, ಹೊಮ್ಮುವ ಕಣಗಳು ಚಾಲಕನಿಗೆ ತಾಗದಂತೆ ನಡುವೆ ನೀರಿನ ಗೋಡೆ, ಎಲ್ಲದಕ್ಕೂ ಲೆಕ್ಕ ಬೇಕು. ಇಲ್ಲಿಯವರೆಗೆ ಇನ್ನೂರ ಮೂವತ್ತೊಂದು ವಾಹನ, ಏಳು ಪುಸ್ತಕ. ಕತ್ತಿನ ಮೂಳೆ ಸವೆದು ಪಟ್ಟಿ ಹಾಕಿಕೊಂಡೇ ಬರೆಯುತ್ತಾರೆ.

"ಒಂದ್ಸಲ ಸ್ಕೂಟರಿಗೆ ಫ್ಯೂಷನ್ ಹಾಕಿ ಅಂತ ಕಂಪನಿಯಿಂದ ಬಂತು" ಎಂದು ಸೆಲಿನಾ ನೆನೆಯುತ್ತಾರೆ. "ಸೂರ್ಯನ್ನ ಡಿಕ್ಕಿಲಿ ಇಟ್ಕೊಂಡು ಓಡಾಡಕ್ಕಾಗತ್ತಾ? ಕುಲುಮೆ ಊರಿಗೊಂದು ಇರ್ಲಿ, ಸ್ಕೂಟರು ಅಲ್ಲೋಗಿ ಚಾರ್ಜ್ ಹಾಕ್ಕೊಳ್ಳಿ ಅಂತ ಬರ್ದೆ. ಸುಳ್ಳು ಹೇಳೋದಾದ್ರೂ ಲೆಕ್ಕ ಕೂಡ್ಬೇಕು ಕಣ್ರೀ."

ಅವರ ವಾಹನಗಳಿಗೆಲ್ಲ ಒಂದು ಗುರುತಿದೆ. ಎಷ್ಟೇ ದೊಡ್ಡ ಯಂತ್ರವಾಗಲಿ, ಪಕ್ಕದಲ್ಲಿ ಒಂದು ಚೌಕದ ಕಿಂಡಿ. ಕೆಟ್ಟು ನಿಂತಾಗ ಮೆಕ್ಯಾನಿಕ್ ಕೈ ತೂರಿಸಲೆಂದು. ಕಿಂಡಿಯ ಅಗಲ ಇಪ್ಪತ್ಮೂರು ಸೆಂಟಿಮೀಟರ್, ಅಂದರೆ ಸವರಿಯಪ್ಪನವರ ಒಂದು ಗೇಣು. "ಗಾಡಿ ಮಾಡೋರು ರಿಪೇರಿ ಮಾಡೋನ್ನ ಮರ್ತ್‌ಬುಡ್ತಾರೆ" ಎಂಬುದು ಅವರು ಡಿಪೋದಿಂದ ತಂದ ದೂರು. ತಂದೆಯ ದೂರನ್ನು ಮಗಳು ಚಂದ್ರನವರೆಗೂ ಒಯ್ದಿದ್ದಾರೆ. ಆಟಗಾರರಿಗೆ ಆ ಕಿಂಡಿಯೆಂದರೆ ಪ್ರಾಣ. ಅವರು ಅದಕ್ಕೆ ಇಟ್ಟಿರುವುದು ಕಂಪನಿಯ ಸಂಪಾದಕರ ಹೆಸರು.

ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ದುಡಿದವರ ಪಟ್ಟಿ ಇರುತ್ತದೆ. ಬರೆದವರು, ತಿದ್ದಿದವರು, ಆಡಿ ನೋಡಿದವರು. ನಾಲ್ಕನೇ ಪುಸ್ತಕದಲ್ಲಿ ಸಂಪಾದಕರ ನಾಯಿಯ ಹೆಸರೂ ಇತ್ತು. ಸೆಲಿನಾ ಹೆಸರು ಏಳರಲ್ಲೂ ಇಲ್ಲ. ಪ್ರತಿ ಸಲ ದಿಲೀಪ್ "ಮುಂದಿನದ್ರಲ್ಲಿ ಮೇಡಂ" ಎಂದರು. ಪ್ರತಿ ಸಲ ಸವರಿಯಪ್ಪನವರು "ಬಂತಾ?" ಎಂದರು. ಅಷ್ಟರಲ್ಲಿ ಅವರ ಕಣ್ಣಿಗೆ ಮಬ್ಬು ಕವಿಯಿತು. ಆಪರೇಷನ್ ಆಗದ ಜಾತಿಯ ಮಬ್ಬು. ಈಗ ಭೂತಕನ್ನಡಿ ಹಿಡಿದರೆ ಅಕ್ಷರ ಒಂದೊಂದಾಗಿ ಕಾಣುತ್ತದೆ. ಮುಂದಿನ ವರ್ಷ ಅದೂ ಕಾಣುವುದಿಲ್ಲ ಎಂದಿದ್ದಾರೆ ಡಾಕ್ಟರು.

ತಪ್ಪು ಆದದ್ದು ಏಳನೇ ಪುಸ್ತಕದಲ್ಲಿ. ಹಳೇ ಅಳತೆ ನಂಬಬೇಡ, ಕೆಲಸಕ್ಕೆ ಮುಂಚೆ ಮತ್ತೆ ಅಳೆ ಎನ್ನುವುದು ಡಿಪೋದ ಪಾಠ. ಅದಕ್ಕೇ ಪುಸ್ತಕ ಶುರುವಾಗುವಾಗಲೆಲ್ಲ ಸೆಲಿನಾ, "ಅಪ್ಪಾ, ಕೈ ಕೊಡಿ" ಎಂದು ಗೇಣನ್ನು ಹೊಸದಾಗಿ ಅಳೆಯುತ್ತಿದ್ದರು. ಆ ಸಲ ಹತ್ತೊಂಬತ್ತು ಬಂತು. ಹತ್ತೊಂಬತ್ತೇ ಬರೆದು ಕಳಿಸಿದರು. ಪುಸ್ತಕ ಹೊರಬಂದ ಮೇಲೆ ಯಾವುದೋ ದೇಶದ ಓದುಗರೊಬ್ಬರು ಕಂಪನಿಗೆ ನಾಲ್ಕು ಪುಟದ ಪತ್ರ ಬರೆದರು. ಗಾಳಿಯಿಲ್ಲದ ಚಂದ್ರನ ಮೇಲೆ ದಪ್ಪ ಗ್ಲೌಸು ತೊಟ್ಟ ಕೈ ಈ ಕಿಂಡಿಯಲ್ಲಿ ಹೇಗೆ ಹಿಡಿಸುತ್ತದೆ ಎಂದು.

"ಅವ್ರು ಹೇಳಿದ್ದು ಸರಿ" ಎನ್ನುತ್ತಾರೆ ಸೆಲಿನಾ. "ಅಪ್ಪನ ಬೆರಳು ಗಂಟು ಕಟ್ಟಿ ಮುದುಡಿತ್ತು. ದಿನಾ ಕಣ್ಮುಂದೆ ಇರೋ ಕೈ. ನಾನು ಅಳತೆ ನೋಡ್ದೆ, ಕೈ ನೋಡ್ಲಿಲ್ಲ."

ಹೋದ ತಿಂಗಳು ಏಳನೇ ಪುಸ್ತಕದ ಮರುಮುದ್ರಣ ಬಂತು. "ಹೆಸ್ರು ಬಂದಿದೆ ಮೇಡಂ, ನೋಡಿ" ಎಂದು ದಿಲೀಪ್ ತಾವೇ ಪ್ರತಿಯನ್ನು ಮೇಜಿನ ಮೇಲಿಟ್ಟರು. ಮೊದಲ ಪುಟದಲ್ಲಿ ಇರಲಿಲ್ಲ. ಇದ್ದದ್ದು ಕೊನೆಯ ಪುಟದ ತಿದ್ದುಪಡಿಯಲ್ಲಿ. ಎಂಬತ್ತೆಂಟನೇ ಪುಟದ ಕಿಂಡಿಯ ಅಗಲ ಹತ್ತೊಂಬತ್ತಲ್ಲ, ಇಪ್ಪತ್ಮೂರು ಎಂದು ಓದಿಕೊಳ್ಳಬೇಕು, ಈ ತಪ್ಪು ಮೈಸೂರಿನ ಸೆಲಿನಾ ಎಂಬುವರದ್ದು, ಓದುಗರು ಕ್ಷಮಿಸಬೇಕು.

ಇದೇನೆಂದು ಕೇಳಿದ್ದಕ್ಕೆ ದಿಲೀಪ್ ನಕ್ಕರಂತೆ. "ಹೆಸ್ರು ಹೆಸ್ರೇ ಅಲ್ವಾ ಮೇಡಂ? ಯಾವ ಪುಟ ಅಂತ ನಾನೇನೂ ಹೇಳಿರ್ಲಿಲ್ಲ."

ಪುಸ್ತಕ ಈಗ ಸವರಿಯಪ್ಪನವರ ದಿಂಬಿನ ಪಕ್ಕದಲ್ಲಿದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಮೂವತ್ತನಾಲ್ಕು ವರ್ಷ ನಂಬರ್ ಪ್ಲೇಟು ನೋಡಿದವರಿಗೆ ಅಕ್ಷರ ಗೊತ್ತು. ಬಂದವರ ಮುಂದೆ ಕೊನೆಯ ಪುಟ ಬಿಡಿಸಿ, ಭೂತಕನ್ನಡಿ ಇಟ್ಟು, "ಸಿ... ಇ... ಎಲ್..." ಎಂದು ಗಂಟುಬೆರಳನ್ನು ಸರಿಸುತ್ತಾರೆ. "ನನ್ ಮಗಳು" ಎನ್ನುತ್ತಾರೆ. "ಮಾತು ಕೊಟ್ಟಿದ್ದ ಅವ್ನು, ನನ್ ಕೈ ಹಿಡ್ದು."

ಸೆಲಿನಾ ಅಡುಗೆಮನೆಗೆ ಎದ್ದು ಹೋಗುತ್ತಾರೆ. ಅಲ್ಲಿ ದನಿ ತಗ್ಗಿಸಿ, "ನೀವು ಎಲ್ಲಾ ಬರ್ಕೊಳಿ, ಪರ್ವಾಗಿಲ್ಲ. ಅಪ್ಪಂಗೆ ಪೇಪರ್ ಓದಿ ಹೇಳೋಳು ನಾನೇ. ಆ ಕೊನೇ ಪುಟದ ವಿಷ್ಯ ಬುಟ್ಟು ಓದ್ತೀನಿ" ಎನ್ನುತ್ತಾರೆ. ಎಂಟನೇ ಪುಸ್ತಕದ ಲಾರಿಗೆ ಕಿಂಡಿ ಇನ್ನೂ ಬರೆದಿಲ್ಲ. ಈ ಸಲ ಗೇಣು ಅಳೆಯುವುದಿಲ್ಲವಂತೆ. ಇಪ್ಪತ್ಮೂರೇ ಹಾಕುತ್ತಾರಂತೆ.

ಸೆಲಿನಾ ಹೆಸರು ಪುಸ್ತಕದಲ್ಲಿ ಅಚ್ಚಾಗಿದೆ. ದಿಲೀಪ್ ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ.