ಗುಂಡಿ ಹಾಕಿದ ಅಂಗಿ
ದುಬೈಯ ಪತ್ರಿಕೆಯೊಂದಕ್ಕೆ ಕೋರ್ಟಿನ ದೃಶ್ಯಗಳನ್ನು ಬರೆದುಕೊಡುವ ಚಿತ್ರಕಾರ ಝಿಯಾಉದ್ದೀನ್ ಸಾಹೇಬರು ಕೋರ್ಟಿನೊಳಗೆ ಪೆನ್ಸಿಲನ್ನೇ ತೆಗೆಯುವುದಿಲ್ಲ. ಅರೆಗಣ್ಣಿನಲ್ಲಿ ಕೂತು ಮೊಣಕಾಲಿನ ಮೇಲೆ ಬೆರಳಾಡಿಸುತ್ತಾರೆ, ಅಷ್ಟೇ. ಆಮೇಲೆ ಮೆಟ್ರೋದಲ್ಲಿ ಜೆಬೆಲ್ ಅಲಿಯ ಕಡೆಗೆ ತೇಲಿಹೋಗುವಾಗ ಕಿಟಕಿಯ ಗಾಜಿನಲ್ಲಿ ಆರೋಪಿಯ ಮುಖ ತಾನಾಗಿಯೇ ಮೂಡುತ್ತದಂತೆ. ಇಳಿಯಬೇಕಾದ ಸ್ಟೇಷನ್ ಎಷ್ಟೋ ಸಲ ದಾಟಿಹೋಗಿರುತ್ತದೆ. ಅವರ ಚಿತ್ರದಲ್ಲಿ ಎಂಥ ಕಳ್ಳನಿಗೂ ತಲೆ ಬಾಚಿರುತ್ತದೆ, ಇಸ್ತ್ರಿಯಾದ ಅಂಗಿಗೆ ಕೊರಳವರೆಗೂ ಗುಂಡಿ ಹಾಕಿರುತ್ತದೆ. "ಇದೆಂತದು ಮಾರಾಯ್ರೆ, ಕಳ್ಳನಾ ಮದುಮಗನಾ?" ಎಂದು ಪುಟ ಕಟ್ಟುವ ರೋಷನ್ ರೇಗಿದರೆ, "ಖಲಾಸ್, ಹಾಗೇ ಹಾಕು" ಎನ್ನುತ್ತಾರೆ. ಒಡಹುಟ್ಟಿದ ತಮ್ಮ ಉಸಾಮ ಅದೇ ಕೋರ್ಟಿನ ಕಟಕಟೆಯಲ್ಲಿ ನಿಂತ ದಿನ ಮಾತ್ರ ಅವರು ಕಂಡದ್ದನ್ನು ಕಂಡಂತೆಯೇ ಬರೆದಿದ್ದರು. ಭಟ್ಕಳದಲ್ಲಿ ಪತ್ರಿಕೆ ನೋಡಿದ ತಾಯಿ ಕೇಸಿನ ಸುದ್ದಿಯನ್ನೇ ಎತ್ತಲಿಲ್ಲ; ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅವನ ಅಂಗಿಯ ಗುಂಡಿ ಬಿಚ್ಚಿತ್ತಲ್ಲ, ನೀನಾದ್ರೂ ಹಾಕಬಾರದಿತ್ತಾ?"